ಸೆಪ್ಟೆಂಬರ್ ಅಲಾಸ್ಕಾ ಕ್ರೂಸ್: ಕೆಚಿಕನ್, ಜೂನೋ, ಸ್ಕ್ಯಾಗ್ವೇ ಮಳೆಗೆ ಯಾವ ಟೂರ್, ಯಾವ ಬಟ್ಟೆ?

ತೆಂಕಣಗಾಳಿ (ಪ್ರಶ್ನೆ)

ಸೆಪ್ಟೆಂಬರ್ ಮೊದಲ ವಾರ ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಏಳು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೇವೆ. ಜೂನೋ ಮಧ್ಯಾಹ್ನ 1ರಿಂದ ರಾತ್ರಿ 10, ಸ್ಕ್ಯಾಗ್ವೇ ಬೆಳಗ್ಗೆ 7ರಿಂದ ಸಂಜೆ 6, ಒಂದು ದಿನ ಗ್ಲೇಸಿಯರ್ ಬೇ (ಹಿಮನದಿಗಳ ರಾಷ್ಟ್ರೀಯ ಉದ್ಯಾನ), ಆಮೇಲೆ ಕೆಚಿಕನ್ ಬೆಳಗ್ಗೆ 7ರಿಂದ ಮಧ್ಯಾಹ್ನ 1. ಕೊನೆಯಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆ ಕೆಲವು ಗಂಟೆ.

ನಾಲ್ವರು: ನಲವತ್ತರ ಆಸುಪಾಸಿನ ಇಬ್ಬರು, 12 ವರ್ಷದ ಹುಡುಗಿ, ಮೊಣಕಾಲು ನೋವಿರುವ 70 ದಾಟಿದ ಹಿರಿಯರು. ಎಲ್ಲಿ ನೋಡಿದರೂ "ಮಳೆ ಖಂಡಿತ" ಅಂತಲೇ ಬರೆದಿದ್ದಾರೆ. ಕೇಳಬೇಕಾದ್ದು ಇಷ್ಟು:

ಕೆಚಿಕನ್‌ನಲ್ಲಿ ಫ್ಲೋಟ್‌ಪ್ಲೇನ್ (ನೀರಿನ ಮೇಲಿಂದ ಏಳುವ ಸಣ್ಣ ವಿಮಾನ), ಜೂನೋದಲ್ಲಿ ಹೆಲಿಕಾಪ್ಟರ್ ಎರಡನ್ನೂ ಯೋಚಿಸಿದ್ದೇವೆ. ದುಡ್ಡು ಜಾಸ್ತಿ. ಮಳೆ ಬಂದರೆ ರದ್ದಾಗುತ್ತಾ? ದಪ್ಪನೆಯ ಡೌನ್ ಜಾಕೆಟ್ ಒಂದೊಂದು ತಗೊಂಡರೆ ಸಾಕಾ, ಇಲ್ಲ ಬೇರೆ ಬೇಕಾ? ಜೀನ್ಸ್ ನಡೆಯುತ್ತಾ? ಶೂ ಎಂಥದ್ದು? ಕೊಡೆ ಒಯ್ಯಬೇಕಾ? ಟೂರ್ ಹಡಗಿನವರ ಹತ್ತಿರವೇ ತಗೊಳ್ಳಬೇಕಾ, ಹೊರಗಿನವರ ಹತ್ತಿರ ತಗೋಬಹುದಾ?

ಕಡಲದಾರಿ

ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಅಲ್ಲಿ ಟೂರ್ ಕೆಡಿಸುವುದು ಮಳೆಯಲ್ಲ, ಮೋಡದ ಎತ್ತರ. ದಿನವಿಡೀ ಜಿನುಗುತ್ತಿದ್ದರೂ ಮೋಡ ಸಾಕಷ್ಟು ಮೇಲಿದ್ದು ಮುಂದಿನ ಬೆಟ್ಟ ಕಾಣುತ್ತಿದ್ದರೆ ಸಣ್ಣ ವಿಮಾನ ಹಾರುತ್ತದೆ. ಒಂದು ಹನಿ ಬೀಳದಿದ್ದರೂ ಮೋಡ ಬೆಟ್ಟದ ಸೊಂಟಕ್ಕೆ ಇಳಿದಿದ್ದರೆ ಹಾರುವುದಿಲ್ಲ. ಫ್ಲೋಟ್‌ಪ್ಲೇನ್, ಹೆಲಿಕಾಪ್ಟರ್ ಎರಡೂ ಪೈಲಟ್‌ನ ಕಣ್ಣಳತೆ ನಂಬಿ ಹಾರುವಂಥವು. ಹಾಗಾಗಿ "ಮಳೆ ಸಾಧ್ಯತೆ 80%" ಎಂಬ ಮುನ್ಸೂಚನೆ ನೋಡಿ ಹೆದರಬೇಡಿ, 20% ನೋಡಿ ಹಿಗ್ಗಲೂಬೇಡಿ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಅಲಾಸ್ಕಾದುದ್ದಕ್ಕೂ ಹವಾಮಾನ ಕ್ಯಾಮೆರಾ ಇಟ್ಟಿದೆ, ಯಾರು ಬೇಕಾದರೂ ನೋಡಬಹುದು. ಈಗಿನ ಚಿತ್ರದ ಪಕ್ಕದಲ್ಲೇ ಶುಭ್ರ ದಿನದ ಚಿತ್ರವೂ ಇರುತ್ತದೆ. ಎರಡನ್ನೂ ಹೋಲಿಸಿದರೆ ಯಾವ ಬೆಟ್ಟದವರೆಗೆ ಕಾಣುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಹಡಗಿನ ವೈಫೈನಲ್ಲಿ ಬೆಳಗ್ಗೆ ಅದೊಂದನ್ನು ತೆರೆದರೆ ಸಾಕು.

ಟೂರ್‌ಗಳನ್ನು ಈ ಲೆಕ್ಕದಲ್ಲೇ ಎರಡು ಗುಂಪು ಮಾಡಿ.

ಮೋಡ ಕೆಳಗಿದ್ದರೆ ಕೈಕೊಡುವಂಥವು: ಕೆಚಿಕನ್‌ನಿಂದ ಮಿಸ್ಟಿ ಫ್ಯೋರ್ಡ್ಸ್‌ಗೆ ಫ್ಲೋಟ್‌ಪ್ಲೇನ್, ಜೂನೋದಲ್ಲಿ ಹಿಮನದಿ ಮೇಲೆ ಇಳಿಯುವ ಹೆಲಿಕಾಪ್ಟರ್, ಮೌಂಟ್ ರಾಬರ್ಟ್ಸ್ ಟ್ರಾಮ್ (ಬೆಟ್ಟ ಏರುವ ಕೇಬಲ್ ಕಾರ್). ಟ್ರಾಮ್ ರದ್ದಾಗುವುದು ಕಡಿಮೆ, ಆದರೆ 1,800 ಅಡಿ ಮೇಲೆ ಹೋಗಿ ಬೆಳ್ಳಗಿನ ಮೋಡವಷ್ಟೇ ಕಂಡರೆ ಟಿಕೆಟ್ ವಾಪಸ್ ಕೊಡುವುದಿಲ್ಲ. ಅದನ್ನು ಮುಂಗಡ ಬುಕ್ ಮಾಡಬೇಡಿ. ಹಡಗುಕಟ್ಟೆಯ ಪಕ್ಕದಲ್ಲೇ ಕೌಂಟರ್ ಇದೆ, ಕೆಳಗೆ ನಿಂತು ತಲೆಯೆತ್ತಿದರೆ ಮೇಲಿನ ನಿಲ್ದಾಣ ಕಾಣಬೇಕು. ಕಂಡರೆ ಟಿಕೆಟ್ ತಗೊಳ್ಳಿ.

ಮಳೆಯಿದ್ದರೂ ನಡೆಯುವಂಥವು: ತಿಮಿಂಗಿಲ ನೋಡುವ ಬೋಟು, ಕರಡಿ ಮತ್ತು ಸಾಲ್ಮನ್ ಮೀನು ನೋಡುವುದು, ಮಳೆಕಾಡಿನ ನಡಿಗೆ, ಮೂಲನಿವಾಸಿಗಳು ಕೆತ್ತಿದ ಟೋಟೆಮ್ ಕಂಬಗಳು, ಸ್ಕ್ಯಾಗ್ವೇಯ ವೈಟ್ ಪಾಸ್ ರೈಲು. ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಮಳೆ ಲೆಕ್ಕಕ್ಕೇ ಇಲ್ಲ. ಮೋಡ ಮುಸುಕಿದ ದಿನ ನೀರಿನ ಮೇಲೆ ಬಿಸಿಲಿನ ಝಳ ಇಲ್ಲದ್ದರಿಂದ ಅದು ಉಸಿರುಬಿಟ್ಟಾಗ ಏಳುವ ತುಂತುರು ದೂರದಿಂದಲೇ ಕಾಣುತ್ತದೆ.

ನಿಮಗೆ ನನ್ನ ಸಲಹೆ: ಎರಡು ಹಾರಾಟದಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳಿ, ಅದೂ ಜೂನೋದ್ದು. ಕೆಚಿಕನ್‌ನಲ್ಲಿ ನಿಮಗಿರುವುದು ಆರು ಗಂಟೆ, ವಿಮಾನ ತಡವಾದರೆ ಮತ್ತೊಂದು ಸರದಿಗೆ ಹೊತ್ತಿಲ್ಲ. ಜೂನೋದಲ್ಲಿ ಒಂಬತ್ತು ಗಂಟೆ ಇದೆ. ಬೆಳಗಿನ ಮೋಡ ಮಧ್ಯಾಹ್ನಕ್ಕೆ ಮೇಲೆದ್ದರೆ ಅದರ ಲಾಭವೂ ನಿಮಗೇ. ಹಾರಾಟ ನಡೆಸುವವರೇ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಬರುವುದು ರೂಢಿ, ನೀವು ರದ್ದು ಮಾಡಿದರೆ ಮಾತ್ರ ಗಡುವು ಇರುತ್ತದೆ. ಹೊರಗಿನವರ ಹತ್ತಿರ ತಗೊಂಡರೆ ಇನ್ನೊಂದು ಸಾಲು ಹುಡುಕಿ ಓದಿ: ಹಡಗೇ ಆ ಬಂದರಿಗೆ ಹೋಗದೆ ಇದ್ದರೆ ಹಣ ವಾಪಸ್ ಇದೆಯಾ? ಗಾಳಿ ಜೋರಾದರೆ ಕ್ಯಾಪ್ಟನ್ ನಿಲುಗಡೆಯನ್ನೇ ಬಿಟ್ಟು ಮುಂದೆ ಹೋಗುವುದುಂಟು.

ಬುಕಿಂಗ್‌ನಲ್ಲಿ ಪ್ರತಿಯೊಬ್ಬರ ತೂಕ ಕೇಳುತ್ತಾರೆ. ಬಟ್ಟೆ, ಶೂ ಸೇರಿಸಿ ನಿಜವಾದದ್ದನ್ನೇ ಹೇಳಿ. ಹತ್ತುವ ಮುಂಚೆ ತೂಗುತ್ತಾರೆ, ಸಮತೂಕ ಲೆಕ್ಕ ಹಾಕಿ ಸೀಟು ಹಂಚುತ್ತಾರೆ. ನಿಗದಿ ಮೀರಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಪದರಪದರ

ಬಟ್ಟೆಯ ವಿಷಯ ನಾನು ಹೇಳುತ್ತೇನೆ. ದಪ್ಪ ಡೌನ್ ಜಾಕೆಟ್ ಒಂದನ್ನೇ ನಂಬಿಕೊಂಡು ಹೋಗುವುದು ಈ ಪ್ರವಾಸದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಸೆಪ್ಟೆಂಬರ್ ಮೊದಲಲ್ಲಿ ಕೆಚಿಕನ್ ಹಗಲು 15 ಡಿಗ್ರಿ ಆಸುಪಾಸು, ಜೂನೋ 13-14. ಅದು ಕೊರೆಯುವ ಚಳಿಯಲ್ಲ, ಒದ್ದೆ ಚಳಿ. ಡೌನ್ ಎಂದರೆ ಹಕ್ಕಿಯ ಮೃದು ಪುಕ್ಕ. ಪುಕ್ಕಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುವುದು. ಒದ್ದೆಯಾದರೆ ಪುಕ್ಕ ಮುದ್ದೆಗಟ್ಟುತ್ತದೆ, ಗಾಳಿ ಹೋಗುತ್ತದೆ, ಶಾಖವೂ ಹೋಗುತ್ತದೆ. ಹಡಗಿನ ಕ್ಯಾಬಿನ್‌ನಲ್ಲಿ ಅದು ಎರಡು ದಿನಕ್ಕೂ ಒಣಗುವುದಿಲ್ಲ.

ಮೂರು ಪದರ ಬೇಕು, ಒಂದೊಂದರ ಕೆಲಸ ಬೇರೆ.

ಮೈಗೆ ತಾಗುವ ಪದರ ಬೆವರನ್ನು ಚರ್ಮದಿಂದ ಎತ್ತಬೇಕು. ತೆಳು ಮೆರಿನೋ ಉಣ್ಣೆ, ಚದರ ಮೀಟರಿಗೆ 150ರಿಂದ 200 ಗ್ರಾಂ ತೂಕದ್ದು, ಇಲ್ಲವೆ ಪಾಲಿಯೆಸ್ಟರ್ ಥರ್ಮಲ್. ಮೆರಿನೋ ಮೂರು ನಾಲ್ಕು ದಿನ ಹಾಕಿದರೂ ವಾಸನೆ ಹಿಡಿಯುವುದಿಲ್ಲ, ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಯಾವುದಾದರೂ ಸರಿ, ಹತ್ತಿ ಮಾತ್ರ ಬೇಡ. ಹತ್ತಿ ನೀರು ಹಿಡಿದುಕೊಂಡು ಮೈಗೆ ಅಂಟಿ ಶಾಖ ಹೀರುತ್ತಲೇ ಇರುತ್ತದೆ. ಥರ್ಮಲ್‌ನ ಲೇಬಲ್ ತಿರುಗಿಸಿ ನೋಡಿ, "ಥರ್ಮಲ್" ಅಂತ ಮಾರುವುದರಲ್ಲಿ ಎಷ್ಟೋ ಹತ್ತಿ ಬೆರೆತದ್ದೇ ಇರುತ್ತದೆ.

ನಡುವಿನ ಪದರ ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಸಿಂಥೆಟಿಕ್ ಬಟ್ಟೆಯ ಜಾಕೆಟ್. ಮಧ್ಯಮ ದಪ್ಪ ಸಾಕು. ಮುಂದೆ ಪೂರ್ತಿ ಜಿಪ್ ಇರುವುದು ತಗೊಳ್ಳಿ, ಬಸ್ಸು ಹತ್ತಿದ ಕೂಡಲೇ ತೆರೆಯಬೇಕಾಗುತ್ತದೆ.

ಹೊರಪದರ ಮಳೆ-ಗಾಳಿ ತಡೆಯುವ ಜಾಕೆಟ್. ಇದರೊಳಗೆ ಬೆಚ್ಚಗಿಡುವ ತುಂಬು ಬೇಡ, ಅಸ್ತರು ಬೇಡ. ನೀರಿನ ಒತ್ತಡ ತಡೆಯುವ ಅಳತೆ ಕನಿಷ್ಠ 10,000 ಮಿ.ಮೀ., 15,000 ಇದ್ದರೆ ನೆಮ್ಮದಿ. ಆದರೆ ಅಂಕಿಗಿಂತ ಹೊಲಿಗೆ ಮುಖ್ಯ. ಒಳಗಡೆ ಎಲ್ಲ ಹೊಲಿಗೆಯ ಮೇಲೂ ಟೇಪು ಅಂಟಿಸಿರಬೇಕು. ಭುಜದ ಹೊಲಿಗೆಗೆ ಮಾತ್ರ ಟೇಪು ಹಾಕಿ ತೋಳಿಗೆ ಬಿಟ್ಟಿದ್ದರೆ ಅರ್ಧ ಗಂಟೆಗೆ ಮೊಣಕೈ ಒದ್ದೆ. ಹುಡ್‌ಗೆ ಮುಂದೆ ಗಟ್ಟಿ ಅಂಚು, ಹಿಂದೆ ಬಿಗಿ ಮಾಡುವ ದಾರ, ಕಂಕುಳಲ್ಲಿ ಗಾಳಿ ಜಿಪ್ ಇರಲಿ. ಸುತ್ತ ಗಾಳಿಯಲ್ಲೇ ತೇವ ತುಂಬಿದ್ದಾಗ "ಉಸಿರಾಡುವ ಬಟ್ಟೆ" ಹೆಚ್ಚು ಉಸಿರಾಡುವುದಿಲ್ಲ. ಬೆವರಿನ ಆವಿ ಹೊರಗೆ ಹೋಗುವುದು ಆ ಜಿಪ್ಪಿನಿಂದಲೇ. ಫ್ಲೀಸ್ ಹಾಕಿಕೊಂಡೇ ಅಳತೆ ನೋಡಿ: ಎರಡೂ ಕೈ ಮೇಲೆತ್ತಿದಾಗ ತೋಳು ಮಣಿಕಟ್ಟಿನಿಂದ ಹಿಂದೆ ಸರಿಯಬಾರದು, ಸೊಂಟ ಕಾಣಬಾರದು.

ಜಾಕೆಟ್ ಎಷ್ಟೇ ಚೆನ್ನಾಗಿದ್ದರೂ ಅದರ ಅಂಚಿನಿಂದ ಇಳಿದ ನೀರೆಲ್ಲ ತೊಡೆಗೇ ಬರುತ್ತದೆ. ಅದಕ್ಕೇ ಮಳೆ ಪ್ಯಾಂಟ್ ಬೇಕೇ ಬೇಕು, ನಾಲ್ವರಿಗೂ. ಜನ ಬಿಟ್ಟುಹೋಗುವ ಸಾಮಾನು ಇದೇ. ಕೆಳಗೆ ಮೊಣಕಾಲಿನವರೆಗೆ ಜಿಪ್ ಇದ್ದರೆ ಶೂ ಕಳಚದೆ ಹಾಕಬಹುದು. ಮೊಣಕಾಲು ನೋವಿನವರಿಗೆ ಸೊಂಟದವರೆಗೂ ಜಿಪ್ ಇರುವ ಬಗೆ ಸಿಗುತ್ತದೆ, ಒಂದು ಕಾಲು ಎತ್ತಿ ಒದ್ದಾಡುವುದು ತಪ್ಪುತ್ತದೆ. ತಿಮಿಂಗಿಲದ ಬೋಟಿನ ಹೊರಗಿನ ಸೀಟು ಯಾವಾಗಲೂ ಒದ್ದೆ, ಕೂತರೆ ಗೊತ್ತಾಗುತ್ತದೆ.

ಜೀನ್ಸ್ ಹಡಗಿನೊಳಗೆ ಹಾಕಿ. ದಡಕ್ಕೆ ಬೇಡ. ನೆನೆದ ಜೀನ್ಸ್ ಭಾರ, ತೊಡೆಸಂದಿ ಉಜ್ಜುತ್ತದೆ, ರಾತ್ರಿಯಿಡೀ ಹರಡಿದರೂ ಸೊಂಟಪಟ್ಟಿ ಬೆಳಗ್ಗೆ ತಣ್ಣಗೇ ಇರುತ್ತದೆ.

ಒಬ್ಬರಿಗೆ ಲೆಕ್ಕ ಹೇಳುವುದಾದರೆ: ಮೇಲಿನ ಥರ್ಮಲ್ 2, ಕೆಳಗಿನದು 1, ಫ್ಲೀಸ್ 1, ಸಿಂಥೆಟಿಕ್ ನಾರು ತುಂಬಿದ ತೆಳು ಜಾಕೆಟ್ 1, ಮಳೆ ಜಾಕೆಟ್ 1, ಮಳೆ ಪ್ಯಾಂಟ್ 1, ಬೇಗ ಒಣಗುವ ಪ್ಯಾಂಟ್ 2, ಉಣ್ಣೆ ಕಾಲುಚೀಲ 4 ಜೊತೆ, ಕಿವಿ ಮುಚ್ಚುವ ಟೋಪಿ, ತೆಳು ಕೈಗವಸು ಒಂದು ಜೊತೆ, ಅದರ ಮೇಲೆ ಹಾಕಲು ನೀರು ನುಗ್ಗದ ಗವಸು ಒಂದು ಜೊತೆ. ಡೌನ್ ಜಾಕೆಟ್ ಈಗಾಗಲೇ ಮನೆಯಲ್ಲಿದ್ದರೆ ಸಿಂಥೆಟಿಕ್ ಬದಲು ಅದನ್ನೇ ಒಯ್ಯಿರಿ, ಆದರೆ ಮಳೆ ಜಾಕೆಟ್‌ನ ಒಳಗೆ ಮಾತ್ರ ಹಾಕಿ.

ಇಷ್ಟನ್ನೂ ಒಟ್ಟಿಗೆ ಏರಿಸಿಕೊಳ್ಳುವುದು ಎರಡನೆಯ ತಪ್ಪು. ನಡೆಯುವ ಟೂರ್‌ಗೆ ಒಳಪದರ ಮತ್ತು ಮಳೆ ಜಾಕೆಟ್ ಸಾಕು, ಹೊರಟಾಗ ಸ್ವಲ್ಪ ಚಳಿ ಅನ್ನಿಸಬೇಕು. ಹತ್ತು ನಿಮಿಷ ನಡೆದರೆ ಸರಿಹೋಗುತ್ತದೆ. ಮೊದಲೇ ಫ್ಲೀಸ್ ಹಾಕಿ ನಡೆದರೆ ಬೆವರಿನಿಂದ ಒಳಗಿಂದೊಳಗೆ ನೆನೆದು, ನಿಂತ ಮೇಲೆ ನಡುಕ ಶುರು. ಕೂರುವ, ನಿಲ್ಲುವ ಟೂರ್‌ಗೆ ತದ್ವಿರುದ್ಧ: ಬೋಟು, ಗ್ಲೇಸಿಯರ್ ಬೇ ಡೆಕ್, ಇಲ್ಲಿಗೆ ಎಲ್ಲ ಪದರವೂ ಬೇಕು, ಚಳಿ ಹತ್ತುವ ಮೊದಲೇ ಹಾಕಿಕೊಳ್ಳಬೇಕು.

ಗ್ಲೇಸಿಯರ್ ಬೇ ದಿನ ದಡಕ್ಕೆ ಇಳಿಯುವುದಿಲ್ಲ, ಪಾರ್ಕಿನ ರೇಂಜರುಗಳೇ ಹಡಗು ಹತ್ತಿ ಬಂದು ವಿವರಿಸುತ್ತಾರೆ. ಆದರೂ ಇಡೀ ಪ್ರವಾಸದಲ್ಲಿ ಮೈ ಹೆಚ್ಚು ಕೊರೆಯುವುದು ಅಂದೇ. ಮಂಜುಗಡ್ಡೆಯ ಮೇಲಿಂದ ಇಳಿದುಬರುವ ಗಾಳಿ, ಗಂಟೆಗಟ್ಟಲೆ ನಿಂತೇ ಇರುವುದು. 7 ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಮೈಗೆ 2 ಡಿಗ್ರಿಯಂತೆ ತಾಗುತ್ತದೆ. ಡೌನ್ ಜಾಕೆಟ್‌ಗೆ ಅಂದು ಸರಿಯಾದ ದಿನ.

ತೆಂಕಣಗಾಳಿ

ತುಂಬಾ ಸ್ಪಷ್ಟವಾಯಿತು. ಒಂದು ಅನುಮಾನ: ಐದಾರು ವರ್ಷ ಹಳೆಯ ಒಳ್ಳೆ ಬ್ರ್ಯಾಂಡ್ ಮಳೆ ಜಾಕೆಟ್ ಎರಡಿವೆ. ಈಗೀಗ ಮಳೆಯಲ್ಲಿ ಹೊರಬಟ್ಟೆ ಪೂರಾ ನೆನೆದು ಒಳಗೂ ತೇವ. ಹೊಸದೇ ಬೇಕಾ? ಶೂ ಬಗ್ಗೆಯೂ ಹೇಳಿ.

ನೀರಹನಿ

ಎಸೆಯಬೇಡಿ, ಮೊದಲು ಪರೀಕ್ಷಿಸಿ. "ಸೋರುತ್ತಿದೆ" ಅಂದುಕೊಳ್ಳುವ ಜಾಕೆಟ್ ಬಹಳ ಸಲ ಸೋರುತ್ತಿರುವುದಿಲ್ಲ. ಹೊರಬಟ್ಟೆಯ ಮೇಲೆ ನೀರು ಜಾರಿಸುವ ಒಂದು ತೆಳು ಲೇಪ ಇರುತ್ತದೆ. ಅದು ಸವೆದರೆ, ಇಲ್ಲವೆ ಮೈಜಿಡ್ಡು, ಸೋಪಿನ ಪುಡಿ ಕೂತರೆ ಹೊರಬಟ್ಟೆ ನೀರು ಕುಡಿಯುತ್ತದೆ. ಒಳಗಿನ ಪೊರೆ ನೀರನ್ನು ತಡೆಯುತ್ತಲೇ ಇರುತ್ತದೆ, ಆದರೆ ಹೊರಗೆ ನೀರಿನ ಹಾಳೆ ಅಂಟಿಕೊಂಡಿದ್ದರೆ ಬೆವರಿನ ಆವಿಗೆ ದಾರಿಯೇ ಇಲ್ಲ. ಅದು ತಣ್ಣನೆಯ ಪೊರೆಗೆ ತಾಗಿ ಒಳಗೇ ಹನಿಗಟ್ಟುತ್ತದೆ. ನಿಮ್ಮನ್ನು ನೆನೆಸುತ್ತಿರುವುದು ನಿಮ್ಮದೇ ಬೆವರು.

ಭುಜದ ಮೇಲೆ ಒಂದು ಚಮಚ ನೀರು ಹಾಕಿ. ಮುತ್ತಿನಂತೆ ಉರುಳಿದರೆ ಲೇಪ ಚೆನ್ನಾಗಿದೆ. ಬಟ್ಟೆ ಕಪ್ಪಾಗಿ ಹರಡಿಕೊಂಡರೆ ಲೇಪ ಹೋಗಿದೆ. ಆಮೇಲೆ ಜಾಕೆಟ್ ತಿರುವಿ ಬೆಳಕಿಗೆ ಹಿಡಿದು ಹೊಲಿಗೆಯ ಟೇಪು ನೋಡಿ, ಮುಖ್ಯವಾಗಿ ಹುಡ್ ಕತ್ತಿಗೆ ಸೇರುವ ಕಡೆ, ಭುಜದ ತುದಿ. ಬೆರಳುಗುರಿನಿಂದ ಮೆಲ್ಲಗೆ ಕೆರೆದಾಗ ಟೇಪು ಏಳುತ್ತಿದ್ದರೆ, ಅಥವಾ ಒಳಲೇಪ ಬಿಳಿ ಹೊಟ್ಟಿನಂತೆ ಉದುರುತ್ತಿದ್ದರೆ, ಅದರ ಆಯಸ್ಸು ಮುಗಿಯಿತು. ರಿಪೇರಿ ಇಲ್ಲ, ಹೊಸದು ತಗೊಳ್ಳಿ.

ಟೇಪು ಗಟ್ಟಿಯಿದ್ದರೆ ಹೀಗೆ ಮಾಡಿ. ಮಳೆಬಟ್ಟೆಗಾಗಿಯೇ ಇರುವ ದ್ರವ ಸೋಪಿನಲ್ಲಿ, ಎಲ್ಲ ಜಿಪ್ ಮುಚ್ಚಿ, ಮೃದು ಚಕ್ರದಲ್ಲಿ ಒಗೆಯಿರಿ. ಮಾಮೂಲಿ ಡಿಟರ್ಜೆಂಟ್ ಬೇಡ, ಫ್ಯಾಬ್ರಿಕ್ ಸಾಫ್ಟನರ್ ಅಂತೂ ಬೇಡವೇ ಬೇಡ. ಇವು ಬಟ್ಟೆಯಲ್ಲಿ ಉಳಿದು ನೀರನ್ನು ಸೆಳೆಯುತ್ತವೆ. ಎರಡು ಸಲ ಜಾಲಾಡಿ. ಲೇಬಲ್ ಒಪ್ಪಿದರೆ ಡ್ರೈಯರ್‌ನಲ್ಲಿ ಕಡಿಮೆ ಶಾಖದಲ್ಲಿ 20 ನಿಮಿಷ. ಈ ಶಾಖ ಹಳೆಯ ಲೇಪವನ್ನೇ ಎಬ್ಬಿಸುತ್ತದೆ, ಎಷ್ಟೋ ಜಾಕೆಟ್ ಇಷ್ಟಕ್ಕೇ ಸರಿಹೋಗುತ್ತವೆ. ಮತ್ತೆ ಚಮಚ ನೀರಿನ ಪರೀಕ್ಷೆ. ಇನ್ನೂ ಹೀರಿಕೊಂಡರೆ ನೀರು ಜಾರಿಸುವ ಸ್ಪ್ರೇ ತಂದು, ಒಗೆದ ಒದ್ದೆ ಜಾಕೆಟ್‌ನ ಹೊರಮೈಗೆ ಹೊಡೆದು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ, ಬಾಟಲಿ ಮೇಲೆ ಹೇಳಿದಂತೆ ಒಣಗಿಸಿ. ಭುಜ, ಹುಡ್, ಮುಂಗೈ, ಬೆನ್ನುಚೀಲದ ಪಟ್ಟಿ ಉಜ್ಜುವ ಜಾಗಕ್ಕೆ ಎರಡು ಸಲ.

ಕೊನೆಯ ಪರೀಕ್ಷೆ ಷವರ್ ಕೆಳಗೆ. ಒಳಗೆ ಬೂದು ಬಣ್ಣದ ಹತ್ತಿ ಟೀ ಶರ್ಟ್ ಹಾಕಿ, ಜಾಕೆಟ್ ಪೂರ್ತಿ ಮುಚ್ಚಿ, ಐದು ನಿಮಿಷ ತಣ್ಣೀರಲ್ಲಿ ನಿಲ್ಲಿ. ಕೈ ಮೇಲೆತ್ತಿ, ಬಗ್ಗಿ. ಬೂದು ಹತ್ತಿಯ ಮೇಲೆ ಒಂದು ಹನಿ ಬಿದ್ದರೂ ಗಾಢವಾಗಿ ಕಾಣುತ್ತದೆ, ಎಲ್ಲಿ ಸೋರುತ್ತಿದೆ ಅಂತ ನಕ್ಷೆಯೇ ಸಿಗುತ್ತದೆ. ಇದನ್ನು ಹೊರಡುವ ಒಂದು ತಿಂಗಳ ಮುಂಚೆ ಮಾಡಿ, ಹೊಸದು ಕೊಳ್ಳಲು ಹೊತ್ತಿರುತ್ತದೆ.

ಶೂ: ನೀರು ಒಳಬಿಡದ ಪೊರೆಯಿರುವ ಹೈಕಿಂಗ್ ಶೂ, ಕಣಕಾಲು ಮುಚ್ಚಿದರೆ ಒಳ್ಳೆಯದು. ಅಂಥ ಶೂ ಒಳಗೆ ನೀರು ಹೋಗುವುದು ಮೇಲಿನ ಬಾಯಿಂದಲೇ, ಕಾಲುಚೀಲ ಬತ್ತಿಯಂತೆ ಎಳೆದುಕೊಳ್ಳುತ್ತದೆ. ಆದ್ದರಿಂದ ಮಳೆ ಪ್ಯಾಂಟ್ ಯಾವತ್ತೂ ಶೂ ಮೇಲೆ ಬರಲಿ, ಒಳಗೆ ತುರುಕಬೇಡಿ. ಪೊರೆ ಶೂ ಒಮ್ಮೆ ಒಳಗೆ ನೆನೆದರೆ ಒಣಗಲು ಒಂದು ದಿನ ಮೀರುತ್ತದೆ, ಹೊರಗಿನ ನೀರನ್ನು ಒಳಬಿಡದ ಪೊರೆ ಒಳಗಿನದನ್ನೂ ಹೊರಬಿಡುವುದಿಲ್ಲ. ಹೊಸ ಶೂ ಆದರೆ ಮೂರು ವಾರ ಮುಂಚಿನಿಂದ ಹಾಕಿ ಓಡಾಡಿ.

ಅಡಿಭಾಗ ಹಲ್ಲುಹಲ್ಲಾಗಿರುವ ಮೆತ್ತನೆ ರಬ್ಬರ್ ಇರಲಿ. ಕೆಚಿಕನ್‌ನ ಕ್ರೀಕ್ ಸ್ಟ್ರೀಟ್ ಪೂರಾ ಹೊಳೆಯ ಮೇಲೆ ಕಂಬ ನೆಟ್ಟು ಹಲಗೆ ಹಾಸಿದ ಬೀದಿ. ಒದ್ದೆ ಹಲಗೆಯ ಮೇಲೆ ಪಾಚಿಯ ತೆಳು ಪೊರೆ ಇರುತ್ತದೆ, ನಯವಾದ ತಳದ ಓಟದ ಶೂ ಅಲ್ಲಿ ನಿಲ್ಲುವುದಿಲ್ಲ. ಹಿರಿಯರು ಊರುಗೋಲು ತರುವುದಾದರೆ ತುದಿಗೆ ರಬ್ಬರ್ ಬುಡ್ಡಿ ಹಾಕಿಸಿ. ಬರೀ ಲೋಹದ ಮೊನೆ ಹಲಗೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಕೊಡೆ ಬೇಡ ಅನ್ನುತ್ತೇನೆ. ಗಾಳಿಗೆ ತಿರುಚಿಕೊಳ್ಳುತ್ತದೆ, ಕಿರಿದಾದ ಹಲಗೆದಾರಿಯಲ್ಲಿ ಎದುರಿನವರ ಕಣ್ಣಿಗೆ ಚುಚ್ಚುತ್ತದೆ, ಒಂದು ಕೈ ಸದಾ ಸೆರೆ.

ದಡದಲ್ಲೊಂದು

ಕೊಡೆಯ ವಿಷಯದಲ್ಲಿ ಸ್ವಲ್ಪ ಭಿನ್ನಮತ. ಕೆಚಿಕನ್ ಪೇಟೆಯೊಳಗೆ ನಿಧಾನ ಅಡ್ಡಾಡುವ ಹಿರಿಯರಿಗೆ ಸಣ್ಣ ಮಡಚುವ ಕೊಡೆ ಅನುಕೂಲವೇ. ಅಂಗಡಿ ಬಾಗಿಲಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳಲಾದರೂ ಬೇಕು. ಸ್ಕ್ಯಾಗ್ವೇಯಲ್ಲಿ ಮಾತ್ರ ಖಂಡಿತ ಬೇಡ. ಆ ಕಣಿವೆಯಲ್ಲಿ ಬೀಸುವ ಗಾಳಿಗೆ ಕೊಡೆಯ ಕಡ್ಡಿ ಉಳಿಯುವುದಿಲ್ಲ.

ಕನ್ನಡಕ ಇರುವವರು ಹುಡ್ ಒಳಗೆ ಮುಂದೆ ಗಟ್ಟಿ ಅಂಚಿರುವ ಕ್ಯಾಪ್ ಹಾಕಿ. ಹುಡ್‌ನ ಅಂಚೊಂದೇ ಸಾಲದು, ತಲೆ ತಿರುಗಿಸಿದಾಗ ಹುಡ್ ಜೊತೆಗೆ ತಿರುಗುವುದಿಲ್ಲ, ಅರ್ಧ ನೋಟ ಮುಚ್ಚಿಹೋಗುತ್ತದೆ. ಕ್ಯಾಪ್ ಇದ್ದರೆ ಹುಡ್ ಅದರ ಮೇಲೆ ಕೂತು ತಲೆಯ ಜೊತೆಗೇ ತಿರುಗುತ್ತದೆ.

ಮೂರು ಬಂದರುಗಳ ಮಳೆ ಒಂದೇ ಅಲ್ಲ, ಅದನ್ನು ಯಾರೂ ಹೇಳಲಿಲ್ಲ. ಕೆಚಿಕನ್‌ಗೆ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಬೀಳುತ್ತದೆ. ಸ್ಕ್ಯಾಗ್ವೇ ಬೆಟ್ಟಗಳ ಮರೆಯಲ್ಲಿರುವುದರಿಂದ ಅಲ್ಲಿ 700 ಮಿ.ಮೀ. ಆಸುಪಾಸು ಅಷ್ಟೇ, ತೊಂದರೆ ಕೊಡುವುದು ಗಾಳಿ. ಜೂನೋ ಎರಡರ ನಡುವೆ. ಅದಕ್ಕೇ ಇರುವ ಒಂದೇ ಒಂದು ದೊಡ್ಡ ನಡಿಗೆಯನ್ನು ಸ್ಕ್ಯಾಗ್ವೇಗೆ ಇಟ್ಟುಕೊಳ್ಳಿ, ಸೂರಿನಡಿ ಮಾಡಬಹುದಾದ್ದನ್ನು ಕೆಚಿಕನ್‌ಗೆ.

ಕೆಚಿಕನ್‌ನಲ್ಲಿ ನಿಮ್ಮ ಹಡಗು ಯಾವ ಕಟ್ಟೆಗೆ ಕಟ್ಟುತ್ತದೆ ಅಂತ ಮೊದಲು ನೋಡಿಕೊಳ್ಳಿ. ಕೆಲವು ಹಡಗು ಪೇಟೆಯ ಮುಂದೆಯೇ ನಿಲ್ಲುತ್ತವೆ, ಇನ್ನು ಕೆಲವು ಉತ್ತರಕ್ಕೆ ಸುಮಾರು 11 ಕಿ.ಮೀ. ದೂರದ ವಾರ್ಡ್ ಕೋವ್‌ನಲ್ಲಿ. ಅಲ್ಲಿಂದ ಪೇಟೆಗೆ ಉಚಿತ ಬಸ್ ಇದೆ, ಆದರೆ ಸಾಲು, ದಾರಿ, ಮತ್ತೆ ಸಾಲು ಸೇರಿ ಹೋಗಿಬರಲು ಒಂದೂವರೆ ಗಂಟೆ ಎತ್ತಿಡಿ. ಆರು ಗಂಟೆಯಲ್ಲಿ ಗ್ಯಾಂಗ್‌ವೇ (ಹಡಗಿನಿಂದ ಇಳಿಯುವ ಹಲಗೆಸೇತುವೆ) ತೆರೆಯಲು ಅರ್ಧ ಗಂಟೆ, ಹೊರಡುವ ಅರ್ಧ ಗಂಟೆ ಮುಂಚೆ ಎಲ್ಲರೂ ಒಳಗಿರಬೇಕು, ಬಸ್ಸಿನ ಒಂದೂವರೆ ಗಂಟೆ. ಕೈಯಲ್ಲಿ ಉಳಿಯುವುದು ಮೂರೂವರೆ ಗಂಟೆ. ವಾರ್ಡ್ ಕೋವ್ ಆದರೆ ಟೋಟೆಮ್ ಬೈಟ್ ಪಾರ್ಕ್ ಅದೇ ದಿಕ್ಕಿನಲ್ಲಿದೆ, ಪೇಟೆಗೆ ಹೋಗದೆ ಅಲ್ಲಿಗೇ ಹೋದರೆ ಹೊತ್ತು ಉಳಿಯುತ್ತದೆ. ಪೇಟೆ ಕಟ್ಟೆ ಆದರೆ ಕ್ರೀಕ್ ಸ್ಟ್ರೀಟ್, ಟೋಟೆಮ್ ಹೆರಿಟೇಜ್ ಸೆಂಟರ್ ನಡಿಗೆಯಲ್ಲೇ ಸಿಗುತ್ತವೆ, ಎರಡನೆಯದು ಪೂರ್ತಿ ಒಳಾಂಗಣ. ಹುಡುಗಿಗೆ ಲಂಬರ್‌ಜಾಕ್ (ಮರ ಕಡಿಯುವವರ) ಪ್ರದರ್ಶನ ಇಷ್ಟವಾದೀತು, ಕೂರುವ ಜಾಗಕ್ಕೆ ಸೂರಿದೆ.

ಜೂನೋದಲ್ಲಿ ಮೆಂಡನ್‌ಹಾಲ್ ಹಿಮನದಿ ಊರಿಂದ ಸುಮಾರು 20 ಕಿ.ಮೀ. ನಗರ ಬಸ್ ಅಗ್ಗ, ಆದರೆ ಅದು ವಿಸಿಟರ್ ಸೆಂಟರ್‌ವರೆಗೆ ಹೋಗುವುದಿಲ್ಲ, ಕೊನೆಗೆ ಎರಡೂವರೆ ಕಿ.ಮೀ. ನಡೆಯಬೇಕು. ಮೊಣಕಾಲು ನೋವಿನವರಿದ್ದಾಗ ಬೇಡ. ಹಿಮನದಿಗೆ ಜನ ಕರೆದೊಯ್ಯಲು ಪರ್ಮಿಟ್ ಬೇಕು, ಸಂಖ್ಯೆಗೆ ಮಿತಿಯಿದೆ, ಆದ್ದರಿಂದ ಸೀಟು ಮುಂಚೆಯೇ ಹಿಡಿಯಿರಿ. ಆ್ಯಪ್ ಟ್ಯಾಕ್ಸಿಯಲ್ಲಿ ಹೋಗುವುದು ಸುಲಭ, ಬರುವುದು ಕಷ್ಟ. ಅಲ್ಲಿಯ ಫೋನ್ ಸಿಗ್ನಲ್ ನಂಬಿಕೊಳ್ಳಬೇಡಿ. ವಾಪಸ್ ಬಸ್ ಸಮಯ ಖಚಿತವಿರುವ ಟಿಕೆಟ್ಟೇ ತಗೊಳ್ಳಿ. ಹಿರಿಯರಿಗೆ ಫೋಟೋ ಪಾಯಿಂಟ್ ದಾರಿ ಸರಿ, ಒಂದು ಕಡೆಗೆ ಅರ್ಧ ಕಿ.ಮೀ., ನೆಲ ಸಮತಟ್ಟು, ಗಾಲಿಕುರ್ಚಿಯೂ ಹೋಗುತ್ತದೆ. ಸ್ಟೀಪ್ ಕ್ರೀಕ್ ಮೇಲಿನ ಹಲಗೆದಾರಿಯಲ್ಲಿ ಸಾಲ್ಮನ್ ಬರುವ ಕಾಲಕ್ಕೆ ಕಪ್ಪು ಕರಡಿ ಕಾಣುವುದುಂಟು. ಉಳಿದ ಮೂವರು ನಗೆಟ್ ಫಾಲ್ಸ್‌ಗೆ ನಡೆಯಬಹುದು, ಹೋಗಿಬರಲು ಮೂರು ಕಿ.ಮೀ. ಜಲಪಾತದ ಬುಡದಲ್ಲಿ ಮಳೆಯಿಲ್ಲದ ದಿನವೂ ತುಂತುರಿಗೆ ನೆನೆಯುತ್ತೀರಿ, ಹುಡ್ ಏರಿಸಿಕೊಂಡೇ ಹೋಗಿ. ಚೀಲದಲ್ಲಿ ನೀರು ಬಿಟ್ಟು ತಿಂಡಿ ಬೇಡ, ಕರಡಿಗಳ ಕಾರಣ ಅಲ್ಲಿ ಅದು ನಿಷಿದ್ಧ. ಇನ್ನೊಂದು: ಹಿಮನದಿಯ ಪಕ್ಕದ ಸೂಸೈಡ್ ಬೇಸಿನ್ ಎಂಬ ತಗ್ಗಿನಲ್ಲಿ ಕಟ್ಟಿಕೊಂಡ ನೀರು ಒಮ್ಮೆಲೇ ನುಗ್ಗಿ 2023, 2024, 2025ರ ಆಗಸ್ಟ್‌ಗಳಲ್ಲಿ ಮೆಂಡನ್‌ಹಾಲ್ ನದಿ ಉಕ್ಕಿತ್ತು. ಅಂಥ ದಿನಗಳಲ್ಲಿ ದಾರಿಗಳನ್ನು ಮುಚ್ಚುತ್ತಾರೆ, ಹಿಂದಿನ ದಿನ ವಿಚಾರಿಸಿಕೊಳ್ಳಿ.

ನಿಮ್ಮ ಜೂನೋ ಸಮಯಕ್ಕೆ ತಿಮಿಂಗಿಲ ಮೊದಲು, ಹಿಮನದಿ ಆಮೇಲೆ. ಎರಡನ್ನೂ ಸೇರಿಸಿದ ಟೂರ್ ಸಿಗುತ್ತದೆ, ಬೋಟು ಹೊರಡುವ ಆಕ್ ಬೇ ಅದೇ ಕಡೆಗಿದೆ. ಆ ವಾರ ಸೂರ್ಯ ಮುಳುಗುವುದು ಏಳೂಮುಕ್ಕಾಲರ ಹೊತ್ತಿಗೆ, ಮೋಡವಿದ್ದರೆ ಏಳಕ್ಕೇ ಮಬ್ಬು. ಹೆಲಿಕಾಪ್ಟರ್ ಇಟ್ಟುಕೊಂಡರೆ ಇವೆರಡರಲ್ಲಿ ಒಂದನ್ನು ಬಿಡಬೇಕು. ಹೆಲಿಕಾಪ್ಟರ್ ರದ್ದಾದರೆ ಅದೇ ಹೊತ್ತಿಗೆ ಏನು ಮಾಡುವುದು ಎಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ. ಎಲ್ಲ ಹಾರಾಟ ನಿಂತ ದಿನ ಅಷ್ಟೂ ಜನ ಒಂದೇ ಸಲ ತಿಮಿಂಗಿಲದ ಬೋಟಿಗೆ ನುಗ್ಗುತ್ತಾರೆ, ಸೀಟು ಉಳಿದಿರುವುದಿಲ್ಲ.

ಹಡಗಿನ ಟೂರ್ ತಡವಾದರೆ ಹಡಗು ಕಾಯುತ್ತದೆ, ಹೊರಗಿನದಾದರೆ ಕಾಯುವುದಿಲ್ಲ. ಜೂನೋದಿಂದ ಬೇರೆ ಊರಿಗೆ ರಸ್ತೆಯೇ ಇಲ್ಲ, ತಪ್ಪಿಸಿಕೊಂಡರೆ ವಿಮಾನ ಇಲ್ಲವೆ ಫೆರಿ. ಹೊರಗಿನದು ತಗೊಂಡರೆ ಹಡಗು ಹತ್ತುವ ಗಡುವಿಗಿಂತ ಎರಡು ಗಂಟೆ ಮೊದಲೇ ಮುಗಿಯುವಂಥದ್ದು ಆರಿಸಿ. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನು ತಾನೇ ಬದಲಾಯಿಸಿಕೊಂಡು ಗೊಂದಲ ಮಾಡುತ್ತದೆ. ಕೈಗಡಿಯಾರ ಕಟ್ಟಿ, ಹಡಗಿನ ಸಮಯಕ್ಕೆ ಹೊಂದಿಸಿ, ಅದನ್ನೊಂದೇ ನೋಡಿ.

ಕಾಗದಪತ್ರ: ಭಾರತೀಯ ಪಾಸ್‌ಪೋರ್ಟ್ ಆದರೆ ವಿಕ್ಟೋರಿಯಾ ನಿಲುಗಡೆಗಾಗಿ ಕೆನಡಾ ವಿಸಾ ಬೇಕು, ಅಮೆರಿಕದ ವಿಸಾ ಮಲ್ಟಿಪಲ್ ಎಂಟ್ರಿ ಇರಬೇಕು. "ವಿಕ್ಟೋರಿಯಾದಲ್ಲಿ ಇಳಿಯುವುದಿಲ್ಲ" ಎಂದರೆ ನಡೆಯುವುದಿಲ್ಲ, ಸಿಯಾಟಲ್‌ನಲ್ಲೇ ಹಡಗು ಹತ್ತಿಸದೆ ಇರಬಹುದು. ಸ್ಕ್ಯಾಗ್ವೇಯಲ್ಲಿ ಕೆನಡಾದೊಳಗೆ ಹೋಗುವ ಬಸ್ ಟೂರ್ ತಗೊಂಡರೂ ಪಾಸ್‌ಪೋರ್ಟ್ ಜೊತೆಗಿರಲಿ, ಜಿಪ್ ಇರುವ ನೀರು ನುಗ್ಗದ ಚೀಲದಲ್ಲಿ.

ಪದರಪದರ

ಕ್ಯಾಬಿನ್‌ನಲ್ಲಿ ಒಣಗಿಸುವುದನ್ನು ಸೇರಿಸುತ್ತೇನೆ, ಯಾಕೆಂದರೆ ಎರಡು ಬಂದರು ಬೆನ್ನುಬೆನ್ನಿಗೆ ಇವೆ. ಕ್ಯಾಬಿನ್ ಗೋಡೆಗಳು ಹೆಚ್ಚಿನ ಹಡಗುಗಳಲ್ಲಿ ಉಕ್ಕಿನವು. ಗಟ್ಟಿ ಅಯಸ್ಕಾಂತದ ಕೊಕ್ಕೆ ಎಂಟು ಒಯ್ಯಿರಿ, ನಾಲ್ಕು ಜಾಕೆಟ್ ನಾಲ್ಕು ಪ್ಯಾಂಟ್ ಗೋಡೆಗೇ ತೂಗುಬಿಡಬಹುದು. ಬಚ್ಚಲಿನ ಎಕ್ಸಾಸ್ಟ್ ಕೆಳಗೆ ಬೇಗ ಒಣಗುತ್ತದೆ. ಕಾಲುಚೀಲ, ಥರ್ಮಲ್ ಒಗೆದರೆ ಒಣ ಟವೆಲ್ ಮೇಲೆ ಹರಡಿ, ಬಿಗಿಯಾಗಿ ಸುತ್ತಿ, ಅದರ ಮೇಲೆ ನಿಲ್ಲಿ. ಅರ್ಧ ನೀರು ಟವೆಲ್‌ಗೆ ಹೋಗುತ್ತದೆ. ಶೂ ಒಳಗಿನ ಅಟ್ಟೆ ತೆಗೆದು ಬೇರೆ ಇಡಿ, ಶೂ ತುಂಬ ಕಾಗದ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಬಾಲ್ಕನಿಯಲ್ಲಿ ಬಟ್ಟೆ ಹಾಕಬೇಡಿ, ಹಾರಿಹೋಗುತ್ತದೆ, ಇಲ್ಲ ಮಂಜಿಗೆ ಇನ್ನಷ್ಟು ನೆನೆಯುತ್ತದೆ. ಇಸ್ತ್ರಿಪೆಟ್ಟಿಗೆ, ಸ್ಟೀಮರ್ ಹಡಗಿಗೆ ಒಯ್ಯಲು ಬಿಡುವುದಿಲ್ಲ.

ಕ್ಯಾಮೆರಾ ಚಳಿ ಡೆಕ್‌ನಿಂದ ನೇರ ಒಳಗೆ ತಂದರೆ ಲೆನ್ಸ್ ಮೇಲೆ, ಒಳಗೂ ಆವಿ ಕೂರುತ್ತದೆ. ಹೊರಗಿರುವಾಗಲೇ ಜಿಪ್ ಚೀಲಕ್ಕೆ ಹಾಕಿ ಮುಚ್ಚಿ, ಒಳಗೆ ಬಂದ ಮೇಲೆ ಒಂದು ಗಂಟೆ ಹಾಗೇ ಬಿಡಿ. ಆವಿ ಚೀಲದ ಹೊರಮೈಗೆ ಕೂರುತ್ತದೆ. ಮೆಮೊರಿ ಕಾರ್ಡ್ ಬೇಕಿದ್ದರೆ ಒಳಬರುವ ಮುಂಚೆ ತೆಗೆದುಕೊಳ್ಳಿ. ಹೆಚ್ಚುವರಿ ಬ್ಯಾಟರಿ ಫ್ಲೀಸ್‌ನ ಒಳಜೇಬಲ್ಲಿರಲಿ.

ತೆಂಕಣಗಾಳಿ

ಹೆಲಿಕಾಪ್ಟರ್ ಬಿಟ್ಟು ತಿಮಿಂಗಿಲ ಮತ್ತು ಹಿಮನದಿ ಸೇರಿದ ಟೂರ್ ಹಿಡಿದೆವು. ಸ್ಕ್ಯಾಗ್ವೇ ರೈಲು ಹಿರಿಯರಿಗೆ ಆಗುತ್ತದಾ? ಎಷ್ಟು ಬಟ್ಟೆ ಬೇಕು, ಯಾವ ಕಡೆ ಕೂರಬೇಕು?

ಕಡಲದಾರಿ

ಚೆನ್ನಾಗಿ ಆಗುತ್ತದೆ, ನಾಲ್ವರಿಗೂ ಅತ್ಯಂತ ಸುಲಭದ ಟೂರ್ ಅದೇ. ವೈಟ್ ಪಾಸ್ ರೈಲುದಾರಿ ಚಿನ್ನದ ಹುಚ್ಚಿನ ಕಾಲದ್ದು, 1898ರಲ್ಲಿ ಶುರುವಾಗಿ 1900ರಲ್ಲಿ ಮುಗಿಯಿತು, ಹಳಿಗಳ ನಡುವೆ ಮೂರೇ ಅಡಿ. ಸಮುದ್ರಮಟ್ಟದಿಂದ 32 ಕಿ.ಮೀ.ಯಲ್ಲಿ 2,865 ಅಡಿ ಏರುತ್ತದೆ. ಹೋಗಿಬರಲು ಮೂರು ಗಂಟೆಯೊಳಗೆ. ಶಿಖರದಿಂದ ಹಾಗೇ ಮರಳುವ ಟಿಕೆಟ್ ತಗೊಳ್ಳಿ, ರೈಲಿನಿಂದ ಇಳಿಯುವುದೇ ಇಲ್ಲ.

ಏರುವಾಗ ಎಡಗಡೆ ಕೂರಿ, ಕಣಿವೆ ಆ ಕಡೆಗೇ ಇದೆ. ಶಿಖರದಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ತರುತ್ತಾರೆ, ಸೀಟಿನ ಬೆನ್ನನ್ನು ಮಗುಚಿ, ಎದುರಿನ ಸಾಲಿನವರ ಜೊತೆ ಕಡೆ ಬದಲಿಸಿಕೊಳ್ಳಲು ಹೇಳುತ್ತಾರೆ. ಹಾಗಾಗಿ ಬಲಗಡೆ ಸಿಕ್ಕರೂ ಇಳಿಯುವಾಗ ನಿಮ್ಮ ಸರದಿ ಬರುತ್ತದೆ.

ಡಬ್ಬಿಯೊಳಗೆ ಬೆಚ್ಚಗಿರುತ್ತದೆ, ಫ್ಲೀಸ್ ಸಾಕು. ಆದರೆ ಮಳೆ ದಿನ ಗಾಜಿಗೆ ಒಳಗಿನಿಂದ ಮಬ್ಬು ಹಿಡಿಯುತ್ತದೆ, ಪ್ರತಿಯೊಬ್ಬರ ಒದ್ದೆ ಜಾಕೆಟ್‌ನ ಆವಿಯೇ ಅದು. ಒಂದು ಮೈಕ್ರೋಫೈಬರ್ ಬಟ್ಟೆ ಕೈಯಲ್ಲಿಟ್ಟುಕೊಳ್ಳಿ. ಡಬ್ಬಿಗಳ ತುದಿಯಲ್ಲಿ ತೆರೆದ ಕಟ್ಟೆ ಇದೆ, ಫೋಟೋಗೆ ಅದೇ ಜಾಗ. ಅಲ್ಲಿ ಶಿಖರದ ಹತ್ತಿರ ಊರಿಗಿಂತ ಐದಾರು ಡಿಗ್ರಿ ಕಡಿಮೆ, ಜೊತೆಗೆ ರೈಲಿನ ಗಾಳಿ. ಹೊರಗೆ ನಿಲ್ಲುವವರು ಮಳೆ ಜಾಕೆಟ್, ಟೋಪಿ, ಗವಸು ಹಾಕಿಕೊಂಡೇ ಬಾಗಿಲು ತೆರೆಯಲಿ. ಹಿರಿಯರಿಗೆ ಬಾಗಿಲಿನಿಂದ ಎರಡು ಮೂರು ಸಾಲು ಒಳಗಿನ ಸೀಟು ಹಿಡಿಯಿರಿ. ತೀರಾ ಬಾಗಿಲ ಪಕ್ಕ ಕೂತರೆ ಜನ ಹೋಗಿಬರುವಾಗಲೆಲ್ಲ ತಣ್ಣನೆ ಗಾಳಿ ಮೊಣಕಾಲಿಗೇ ಬಡಿಯುತ್ತದೆ.

ಹಡಗಿನಿಂದ ಇಳಿಯುವ ಹೊತ್ತನ್ನು ಮಾತ್ರ ಉಬ್ಬರ-ಇಳಿತ ನೋಡಿ ಆರಿಸಿ. ಅಲ್ಲಿ ನೀರು ಆರು ಮೀಟರಿನಷ್ಟು ಏರಿಳಿಯುವುದುಂಟು, ಕಟ್ಟೆ ತೇಲುವ ಬಗೆಯದಲ್ಲದಿದ್ದರೆ ಗ್ಯಾಂಗ್‌ವೇಯ ಇಳಿಜಾರು ಗಂಟೆಗಂಟೆಗೆ ಬದಲಾಗುತ್ತದೆ. ಗ್ಯಾಂಗ್‌ವೇ ಯಾವಾಗ ಕಡಿದಾಗಿರುವುದಿಲ್ಲ ಅಂತ ಹಿಂದಿನ ರಾತ್ರಿಯೇ ಗೆಸ್ಟ್ ಸರ್ವಿಸ್ ಮೇಜಿನಲ್ಲಿ ಕೇಳಿದರೆ ಹೇಳುತ್ತಾರೆ, ರೈಲಿನ ಸಮಯವನ್ನು ಅದಕ್ಕೆ ಹೊಂದಿಸಿಕೊಳ್ಳಿ.